ಗೇರ್ ಸಿಕ್ಕೊಂಡೈತಿ, ಅಣ್ಣಾ

ಜೂನ್ ಬಂತೆಂದರೆ ನಮ್ಮಲ್ಲಿ ಅನೇಕರ ಫೋನಿನಲ್ಲಿ ಎರಡು ಊರಿನ ಮಳೆ ಸುದ್ದಿ ಇರುತ್ತದೆ. ಒಂದು ನಾವಿರುವ ಪುಣೆಯದೋ ಹೈದರಾಬಾದಿನದೋ; ಆಫೀಸಿಗೆ ಛತ್ರಿ ಬೇಕೋ ಬೇಡವೋ ನೋಡಿಕೊಳ್ಳಲು. ಇನ್ನೊಂದು ಹಾವೇರಿಯದೋ ಗದಗಿನದೋ ರಾಯಚೂರಿನದೋ. ಅಲ್ಲಿ ಒಳ್ಳೆ ಮಳೆ ಬಿತ್ತು ಅಂದರೆ ಇಲ್ಲಿ ನಮಗೆ ಚಹಾ ರುಚಿಸುತ್ತದೆ.

ಆದರೆ ಮಳೆ ಬಿದ್ದರೆ ಮುಗಿಯಲಿಲ್ಲ, ಶುರುವಾಯಿತು. ರೋಹಿಣಿ ಮಳೆಗೆ ಹೊಲ ಹರಗಿಟ್ಟುಕೊಂಡು ಮೃಗಶಿರಾಕ್ಕೆ ಬೀಜ ಹಾಕುವ ಲೆಕ್ಕ ನಮ್ಮ ಕಡೆ. ಎರೆ ಹೊಲ ಮಳೆಯಾದ ಮರುದಿನ ಕಾಲಿಗೆ ಹತ್ತಿಕೊಳ್ಳುತ್ತದೆ, ಗಾಲಿ ಇಳಿಸಲು ಬಿಡುವುದಿಲ್ಲ. ನಾಲ್ಕು ದಿನ ಬಿಸಿಲು ಹೊಡೆಯಿತೆಂದರೆ ಮೇಲೆ ಹೆಪ್ಪುಗಟ್ಟುತ್ತದೆ. ನಡುವೆ ಸಿಗುವುದು ಹದದ ಎರಡು ಮೂರು ದಿನ. ಆ ದಿನಗಳಲ್ಲಿ ಊರಿನ ಎಲ್ಲರಿಗೂ ಟ್ರಾಕ್ಟರ್ ಬೇಕು. ಬಾಡಿಗೆ ಟ್ರಾಕ್ಟರಿನವನು ಫೋನ್ ಎತ್ತುವುದಿಲ್ಲ, ಎತ್ತಿದರೆ 'ನಾಡಿದ್ದು ನೋಡೋಣ್ರಿ' ಅನ್ನುತ್ತಾನೆ. ನಾಡಿದ್ದು ಹದ ಇರುವುದಿಲ್ಲ.

ಕಳೆದ ವರ್ಷ ಅಂಥದ್ದೇ ಒಂದು ಬೆಳಿಗ್ಗೆ ನನ್ನ ತಮ್ಮನ ಫೋನ್ ಬಂತು. 'ಅಣ್ಣಾ, ಗೇರ್ ಸಿಕ್ಕೊಂಡೈತಿ. ಲಿವರ್ ನ್ಯೂಟ್ರಲ್‌ನ್ಯಾಗ ಐತಿ, ಗಾಡಿ ಮಾತ್ರ ಅಳ್ಳಾಡವಲ್ದು.'

ನಮ್ಮ ಟ್ರಾಕ್ಟರು ಅಪ್ಪ 1984ರಲ್ಲಿ ಕೊಂಡದ್ದು, 35 ಎಚ್‌ಪಿಯದು. ನನಗಿಂತ ಹಿರಿಯದು. ಬಣ್ಣ ಯಾವುದಿತ್ತು ಅನ್ನುವುದು ಈಗ ಬಾನೆಟ್ಟಿನ ಒಳಗೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಪ್ಪ ಹೋದ ಮೇಲೆ ಹೊಲವನ್ನೂ ಅದನ್ನೂ ನೋಡಿಕೊಂಡವನು ತಮ್ಮ. ಅದು ನಿಂತಾಗಲೆಲ್ಲ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು ಏಳುತ್ತದೆ: ಗುಜರಿಗೆ ಹಾಕಿ, ಎಲ್ಲರೂ ಸೇರಿ ಹೊಸದಕ್ಕೆ ಮುಂಗಡ ಕಟ್ಟೋಣ. ಹೇಳುವವರೆಲ್ಲ ಬೆಂಗಳೂರು, ಪುಣೆ, ಮುಂಬೈಯಲ್ಲಿ ಕೂತವರು. ಕಂತು ಕಟ್ಟಬೇಕಾದವನು ಊರಿನಲ್ಲಿರುವವನು. ಆತ ಏನೂ ಬರೆಯುವುದಿಲ್ಲ. ಆ ಮೌನದ ಅರ್ಥ ನನಗೆ ಗೊತ್ತು: ಗಾಡಿ ಮಾರುವ ಮಾತು ಇವತ್ತು ಬಂತು, ಹೊಲ ಮಾರುವ ಮಾತು ನಾಳೆ ಬಂದೀತು ಎಂಬ ಅಂಜಿಕೆ.

ಹಾಗಾಗಿ ಈ ಸಲದ ಅಂಕಣ ಒಂದು ಗೇರ್ ಲಿವರ್ ಬಗ್ಗೆ. ಹಳೆಯ ಟ್ರಾಕ್ಟರಿನಲ್ಲಿ ಗೇರ್ ಸಿಕ್ಕಿಕೊಂಡರೆ ಆಗುವುದೇನು, ಹುಡುಕುವುದು ಹೇಗೆ, ಬಿಡಿಸುವುದು ಹೇಗೆ ಅನ್ನುವುದು ಗೊತ್ತಿದ್ದರೆ 'ಮಾರಿಬಿಡಿ' ಅನ್ನುವ ಮೊದಲು ಕೇಳಲು ನಮ್ಮ ಹತ್ತಿರ ನಾಲ್ಕು ಪ್ರಶ್ನೆಯಾದರೂ ಇರುತ್ತವೆ.

ಒಳಗೆ ಇರುವುದೇನು

ನಮ್ಮ ಕಡೆಯ ಹಳೆಯ ಟ್ರಾಕ್ಟರುಗಳಿಗೆ ದೊಡ್ಡ ಮನೆತನಗಳೇ ಇವೆ. ಫರ್ಗ್ಯುಸನ್ 35 ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗಲು ಶುರುವಾದದ್ದು 1956ರಲ್ಲಿ. ಅದೇ ವಂಶದ ಮ್ಯಾಸಿ 1035 ಅನ್ನು ಚೆನ್ನೈನ ಟಾಫೆ ಕಂಪನಿ ದಶಕಗಳ ಕಾಲ ಮಾಡಿತು. ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಜೊತೆ ಸೇರಿ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರ್ ಮಾಡಲು ಹೊರಟಿತು. ಎಚ್‌ಎಂಟಿ ಟ್ರಾಕ್ಟರ್ ವಿಭಾಗ ಮುಚ್ಚಿದರೂ ಅದರ ಗಾಡಿಗಳು ಇನ್ನೂ ಹೊಲದಲ್ಲಿವೆ.

ಈ ಕಾಲದ ಗೇರ್‌ಬಾಕ್ಸುಗಳ ಮೂಲ ವಿಚಾರ ಸರಳ. ನಾವು ಹಿಡಿಯುವ ಲಿವರಿನ ಕೆಳತುದಿ ಗೇರ್‌ಬಾಕ್ಸಿನ ಒಳಗೆ ಇಳಿದಿರುತ್ತದೆ. ಅಲ್ಲಿ ಅಕ್ಕಪಕ್ಕ ಎರಡೋ ಮೂರೋ ಉಕ್ಕಿನ ಸರಳುಗಳು. ಪ್ರತಿ ಸರಳಿಗೂ ಒಂದು ಕಚ್ಚು ಇರುತ್ತದೆ. ಲಿವರನ್ನು ಎಡಬಲ ಆಡಿಸಿದಾಗ ತುದಿ ಯಾವುದೋ ಒಂದು ಸರಳಿನ ಕಚ್ಚಿನಲ್ಲಿ ಕೂರುತ್ತದೆ. ಹಿಂದೆ ಮುಂದೆ ಮಾಡಿದಾಗ ಆ ಸರಳು ಸರಿಯುತ್ತದೆ. ಸರಳಿಗೆ ಕವೆಗೋಲಿನಂಥ ಫೋರ್ಕ್ ಇದ್ದು ಅದು ಗೇರ್ ಚಕ್ರವನ್ನು ತಳ್ಳಿ ಇನ್ನೊಂದಕ್ಕೆ ಕಚ್ಚಿಸುತ್ತದೆ. ಸರಳು ತನ್ನಷ್ಟಕ್ಕೆ ಜಾರದಂತೆ ಒಂದು ಚಿಕ್ಕ ಉಕ್ಕಿನ ಗುಂಡು, ಅದರ ಹಿಂದೊಂದು ಸ್ಪ್ರಿಂಗು. ಗೇರ್ ಬಿದ್ದಾಗ ಕೈಗೆ ಸಿಗುವ 'ಟಕ್' ಎಂಬ ಅನುಭವ ಆ ಗುಂಡಿನದ್ದು. ಒಂದು ಸರಳು ಸರಿದಿರುವಾಗ ಇನ್ನೊಂದು ಸರಿಯದಂತೆ ಅಡ್ಡ ನಿಲ್ಲುವ ತಡೆಯೂ ಇರುತ್ತದೆ.

35ರ ವಂಶದಲ್ಲಿ ಇನ್ನೊಂದು ಉಪಾಯವಿದೆ. ಮುಖ್ಯ ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಅದರ ಹಿಂದೆ ಬೇರೆಯದೇ ಒಂದು ಹೈ-ಲೋ ಗೇರು, ಅದಕ್ಕೆ ಬೇರೆ ಲಿವರು. ಎರಡೂ ಸೇರಿ ಮುಂದಕ್ಕೆ ಆರು, ಹಿಂದಕ್ಕೆ ಎರಡು. ಈ ಹೈ-ಲೋ ಲಿವರಿಗೂ ಒಂದು ನ್ಯೂಟ್ರಲ್ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಿಸ್ತ್ರಿ ಕೇಳಿದ ಪ್ರಶ್ನೆಗಳು

ತಮ್ಮ ಹೊಲದಲ್ಲಿ, ನಾನು ಪುಣೆಯಲ್ಲಿ, ಮಿಸ್ತ್ರಿ ಹತ್ತು ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿ. ಮೂವರೂ ಒಂದೇ ಕರೆಯಲ್ಲಿ ಸೇರಿದೆವು. ಮಿಸ್ತ್ರಿಗೆ ಈಗ ಎಪ್ಪತ್ತರ ಹತ್ತಿರ. ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡುತ್ತ ಬಂದವರು. ಅವರ ಮೊದಲ ಮಾತು: 'ಜೋರ್ ಮಾಡಬ್ಯಾಡ್ರಿ. ಮೊದಲ ಎಂಜಿನ್ ಬಂದ್ ಮಾಡ್ರಿ. ಆಮ್ಯಾಲೆ ನಾ ಕೇಳಿದ್ದಕ್ಕ ಅಷ್ಟ ಉತ್ತರ ಕೊಡ್ರಿ.'

ಅವರು ಕೇಳಿದ ಕ್ರಮವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ. ಸಾಫ್ಟ್‌ವೇರಿನಲ್ಲಿ ದೋಷ ಹುಡುಕಿ ಹೊಟ್ಟೆ ಹೊರೆಯುವ ನನಗೆ ಇದಕ್ಕಿಂತ ಅಚ್ಚುಕಟ್ಟಾದ ಕ್ರಮ ಆಫೀಸಿನಲ್ಲೂ ಸಿಕ್ಕಿದ್ದು ಕಡಿಮೆ.

ಮೊದಲನೆಯದು: ಎಂಜಿನ್ ಬಂದ್ ಇದ್ದಾಗ ಗೇರ್ ಬೀಳುತ್ತದೆಯೇ? ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಕರಕರ ಅಂದರೆ ತಪ್ಪು ಗೇರಿನದ್ದಲ್ಲ, ಕ್ಲಚ್ಚಿನದ್ದು. ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುವುದೂ ಉಂಟು. ಇಂಥ ಹೊತ್ತಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿದರೆ ದಿನ ಹಾಳು.

ಎರಡನೆಯದು: ಲಿವರ್ ಬಿಗಿಯಾಗಿದೆಯೋ, ಸಡಿಲವಾಗಿದೆಯೋ? ಪಾತ್ರೆಯಲ್ಲಿ ಸೌಟು ತಿರುಗಿದ ಹಾಗೆ ಎಲ್ಲ ಕಡೆ ತಿರುಗುತ್ತಿದ್ದರೆ ಲಿವರಿನ ತುದಿ ಕಚ್ಚಿನಿಂದ ಹೊರಗೆ ಬಂದಿದೆ; ಒಳಗಿನ ಸರಳು ಎಲ್ಲಿತ್ತೋ ಅಲ್ಲೇ ಉಳಿದಿದೆ. ಕಲ್ಲಿನಂತೆ ಬಿಗಿಯಾಗಿದ್ದರೆ ಹಲ್ಲುಗಳ ಮೇಲೆ ಭಾರ ಬಿದ್ದಿರಬಹುದು. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಹೀಗಾಗುತ್ತದೆ. ಎಂಜಿನ್ ಬಂದ್ ಇಟ್ಟು, ಸಮತಟ್ಟಿನಲ್ಲಿ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಅಲುಗಿಸಿದರೆ ಭಾರ ಇಳಿದು ಗೇರ್ ತಾನಾಗಿ ಬಿಡುವುದುಂಟು.

ಮೂರನೆಯದು: ಕ್ಲಚ್ ಒತ್ತಿ ಹಿಡಿದು ತಳ್ಳಿದರೆ ಗಾಡಿ ಉರುಳುತ್ತದೆಯೇ? ಒಂದೇ ಗೇರಿನಲ್ಲಿ ಸಿಕ್ಕಿದ್ದರೆ ಉರುಳಬೇಕು, ಏಕೆಂದರೆ ಕ್ಲಚ್ ಎಂಜಿನ್ನನ್ನು ಬಿಡಿಸಿರುತ್ತದೆ. ಆದರೂ ಉರುಳದಿದ್ದರೆ ಏಕಕಾಲಕ್ಕೆ ಎರಡು ಗೇರ್ ಬಿದ್ದು ಒಂದನ್ನೊಂದು ಕಟ್ಟಿಹಾಕಿವೆ. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಬೇಕು ಅನ್ನುತ್ತವೆ, ಹಾಗಾಗಿ ಎರಡೂ ತಿರುಗುವುದಿಲ್ಲ. ಮನೆಯ ಗುಂಪಿನ ಚರ್ಚೆಯ ಹಾಗೆ.

ನಾಲ್ಕನೆಯದು: ಹೈ-ಲೋ ಲಿವರನ್ನು ನ್ಯೂಟ್ರಲ್‌ಗೆ ತಂದರೆ? ಆಗ ಗಾಲಿಗಳಿಗೂ ಮುಖ್ಯ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತದೆ. ಈಗ ಗಾಡಿ ಉರುಳಿದರೆ ಬ್ರೇಕು, ಹಿಂದಿನ ಆಕ್ಸಲ್ಲು ಎಲ್ಲ ಸರಿಯಿವೆ. ತಪ್ಪು ಮುಖ್ಯ ಗೇರಿನ ಸರಳುಗಳಲ್ಲಿ ಮಾತ್ರ.

ನಮ್ಮ ಗಾಡಿ ಮೂರನೆಯ ಪ್ರಶ್ನೆಗೆ ಉರುಳಲಿಲ್ಲ, ನಾಲ್ಕನೆಯದಕ್ಕೆ ಉರುಳಿತು. ಮಿಸ್ತ್ರಿ 'ಎರಡು ಗೇರ್ ಕೂಡ್ಯಾವ' ಅಂದರು. ಅವರು ಇನ್ನೂ ಗಾಡಿ ನೋಡಿರಲಿಲ್ಲ. ಹೈ-ಲೋ ನ್ಯೂಟ್ರಲ್‌ನಲ್ಲೇ ಇಟ್ಟು, ಪಕ್ಕದ ಹೊಲದವರ ಟ್ರಾಕ್ಟರಿಗೆ ಕಟ್ಟಿ, ನಿಧಾನಕ್ಕೆ ಮನೆಯ ಮುಂದಿನ ಕಣಕ್ಕೆ ಎಳೆದು ತಂದರು.

ಮುಚ್ಚಳ ತೆಗೆದಾಗ

ಬಿಚ್ಚುವ ಮೊದಲು ಮಿಸ್ತ್ರಿ ಮಾಡಿಸಿದ ಕೆಲಸಗಳು ಮೂರು. ಗಾಲಿಗಳ ಹಿಂದೆ ಮುಂದೆ ಕಲ್ಲು ಒತ್ತು ಕೊಟ್ಟರು. ಬ್ಯಾಟರಿಯ ವೈರ್ ತೆಗೆಸಿದರು. ಲಿವರಿನ ಸುತ್ತ ನಲವತ್ತು ವರ್ಷದಿಂದ ಕೂತಿದ್ದ ಮಣ್ಣು, ಹೊಟ್ಟು, ಗ್ರೀಸಿನ ಗಟ್ಟಿಯನ್ನೆಲ್ಲ ಕೆರೆದು, ಡೀಸೆಲ್ ಹಚ್ಚಿ ಒರೆಸಿದರು. ಕೊನೆಯದು ಅತಿ ಮುಖ್ಯ. ಮುಚ್ಚಳ ತೆಗೆದ ಮೇಲೆ ಒಳಗೆ ಬಿದ್ದ ಮರಳಿನ ಕಾಳು ಬೇರಿಂಗ್ ತಿನ್ನುತ್ತದೆ.

ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿ ಇಟ್ಟರು. ಒಂದೊಂದು ಬೋಲ್ಟಿನ ಉದ್ದ ಒಂದೊಂದು. ಯಾವ ಮಾಡೆಲ್ಲಿನಲ್ಲಿ ಮುಚ್ಚಳಕ್ಕೆ ಏನೇನು ಅಡ್ಡ ಬರುತ್ತದೆ ಅನ್ನುವುದು ಬೇರೆ ಬೇರೆ. ನಿಮ್ಮ ಗಾಡಿಯದು ನೋಡಿ ಬಿಚ್ಚಬೇಕು. ಫೋನಿನಲ್ಲಿ ಮೊದಲೇ ನಾಲ್ಕು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಉಪಯೋಗಕ್ಕೆ ಬರುತ್ತವೆ. ಫೋಟೋ ತೆಗೆಯುವ ಸಲಹೆ ನನ್ನದು. ನಾನು ಕೊಟ್ಟ ಒಂದೇ ಸಲಹೆ ಅದು.

ಮುಚ್ಚಳ ಎತ್ತಿದ ಕೂಡಲೇ ತಮ್ಮ ಕ್ಯಾಮೆರಾ ಒಳಗೆ ತಿರುಗಿಸಿದ. ಕಂಡದ್ದು ಎರಡು. ಒಂದು, ಎರಡು ಸರಳಿನ ಕಚ್ಚುಗಳು ಒಂದೇ ಗೆರೆಯಲ್ಲಿ ಇರಲಿಲ್ಲ. ಎಲ್ಲ ನ್ಯೂಟ್ರಲ್‌ನಲ್ಲಿದ್ದರೆ ಕಚ್ಚುಗಳು ಒಂದರ ಪಕ್ಕ ಒಂದು ನೆಟ್ಟಗೆ ಕೂತು, ಲಿವರಿನ ತುದಿ ಅಡ್ಡಕ್ಕೆ ಓಡಾಡುವಷ್ಟು ದಾರಿ ಇರಬೇಕು. ನಮ್ಮದರಲ್ಲಿ ಒಂದು ಮುಂದೆ ಹೋಗಿತ್ತು, ಇನ್ನೊಂದು ಹಿಂದೆ. ಎರಡನೆಯದು ಎಣ್ಣೆಯ ಬಣ್ಣ. ಹಾಲು ಜಾಸ್ತಿ ಹಾಕಿದ ಚಹಾದಂತಿತ್ತು. ನೀರು ಸೇರಿದ ಗೇರ್ ಆಯಿಲ್ ಹೀಗೆ ಕಾಣುತ್ತದೆ.

ಬಿಡಿಸುವ ಕೆಲಸ ಹತ್ತು ನಿಮಿಷದ್ದು. ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕಚ್ಚಿಗೆ ಕೊಟ್ಟು ಮೀಟುತ್ತ ನಿಂತರು; ಹೈ-ಲೋ ಈಗ ಲೋಗೆ ಹಾಕಿ, ಒತ್ತಿನ ಕಲ್ಲು ಒಂದು ಗೇಣು ಸರಿಸಿ, ಇಬ್ಬರು ಹಿಂದಿನ ಗಾಲಿಯನ್ನು ಕೈಯಿಂದ ಚೂರು ಚೂರು ಅಲುಗಿಸಿದರು. ಹಲ್ಲುಗಳ ಮೇಲಿನ ಭಾರ ಇಳಿದ ಕ್ಷಣಕ್ಕೆ ಸರಳು ಟಕ್ ಅಂತ ನಡುವಿಗೆ ಬಂತು. ಇನ್ನೊಂದು ಅದರ ಹಿಂದೆಯೇ. ಸುತ್ತಿಗೆ ಎತ್ತಲೇ ಇಲ್ಲ.

ಸಿಕ್ಕಿದ್ದು ಯಾಕೆ

ಬಹಳ ಕಡೆ ಕೆಲಸ ಇಲ್ಲಿಗೆ ಮುಗಿಯುತ್ತದೆ. ಮುಚ್ಚಳ ಹಾಕಿ, ಗಾಡಿ ಚಾಲೂ ಮಾಡಿ, ಹೊಲಕ್ಕೆ ಓಡಿಸುತ್ತಾರೆ. ವಾರದೊಳಗೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ 'ಗಾಡಿ ಸತ್ತೈತಿ' ಅನ್ನುವ ತೀರ್ಮಾನ. ನಮ್ಮ ಮಿಸ್ತ್ರಿ ಲಿವರನ್ನು ತಲೆಕೆಳಗು ಹಿಡಿದು ಅದರ ತುದಿಯನ್ನು ತಮ್ಮನಿಗೆ ತೋರಿಸಿದರು. ದಪ್ಪಗೆ ಇರಬೇಕಾದ ತುದಿ ಸವೆದು, ಚಪ್ಪರಿಸಿ ಬಿಟ್ಟ ಪೆಪ್ಪರಮೆಂಟಿನ ಹಾಗೆ ಆಗಿತ್ತು. ಸವೆದ ತುದಿ ಒಂದು ಸರಳನ್ನು ಪೂರ್ತಿ ನ್ಯೂಟ್ರಲ್‌ಗೆ ತರುವ ಮೊದಲೇ ಜಾರಿ ಪಕ್ಕದ ಸರಳಿಗೆ ಹೋಗಿ ಕೂತಿದೆ. ತಡೆಯಬೇಕಾದ ಪಿನ್ನು ತುಕ್ಕು ಹಿಡಿದು ತನ್ನ ತೂತಿನಲ್ಲೇ ಸಿಕ್ಕಿಕೊಂಡಿದೆ. ಗುಂಡಿನ ಹಿಂದಿನ ಒಂದು ಸ್ಪ್ರಿಂಗ್ ಮುರಿದಿದೆ.

ತುಕ್ಕು ಯಾಕೆ? ನೀರು ಬಂದದ್ದರಿಂದ. ನೀರು ಎಲ್ಲಿಂದ? ಲಿವರಿನ ಬುಡದಲ್ಲಿ ಒಂದು ರಬ್ಬರ್ ಬೂಟು ಇರುತ್ತದೆ, ಧೂಳು ಮತ್ತು ಮಳೆ ಒಳಗೆ ಹೋಗದಿರಲಿ ಎಂದು. ನಮ್ಮದು ಹರಿದು ಎಷ್ಟು ವರ್ಷವಾಗಿತ್ತೋ. ಬಯಲಲ್ಲಿ ನಿಂತ ಗಾಡಿಯ ಮೇಲೆ ಬಿದ್ದ ಮಳೆ ಲಿವರಿನ ಗುಂಟ ಇಳಿದು ನೇರ ಗೇರ್‌ಬಾಕ್ಸಿಗೆ ಹೋಗುತ್ತಿತ್ತು. ಪುಣೆಯಲ್ಲಿ ಒಂದು ಹೊತ್ತಿನ ಊಟಕ್ಕೆ ಕೊಡುವಷ್ಟೂ ಬೆಲೆಯಿಲ್ಲದ ರಬ್ಬರು.

35ರ ವಂಶದಲ್ಲಿ ಇದು ಇನ್ನೂ ದುಬಾರಿಯ ಮಾತು. ಅದರಲ್ಲಿ ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು, ಹೈಡ್ರಾಲಿಕ್ಕು ಎಲ್ಲಕ್ಕೂ ಒಂದೇ ಎಣ್ಣೆ, ಮೂವತ್ತು ಲೀಟರಿನ ಆಸುಪಾಸು. ಗೇರಿಗೆ ಇಳಿದ ನೀರು ಕಲ್ಟಿವೇಟರ್ ಎತ್ತುವ ಪಂಪಿಗೂ ಹೋಗುತ್ತದೆ.

ರಿಪೇರಿಗೆ ಎರಡು ದಿನ ಹಿಡಿಯಿತು. ಲಿವರಿನ ತುದಿಗೆ ವೆಲ್ಡಿಂಗ್ ತುಂಬಿಸಿ, ಸರಳಿನ ಕಚ್ಚಿಗೆ ಹಿಡಿದು ನೋಡುತ್ತ ಅರದಿಂದ ಉಜ್ಜಿ ಅಳತೆಗೆ ತಂದರು. ಹೊಸ ಲಿವರ್ ಸಿಗುವಂತಿದ್ದರೆ ಅದೇ ಉತ್ತಮ, ಆದರೆ ಹದ ಪಾರ್ಸೆಲ್ಲಿಗೆ ಕಾಯುವುದಿಲ್ಲ. ಸರಳುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಹೊಸ ಸ್ಪ್ರಿಂಗು, ಗುಂಡು, ಪಿನ್ನು ಹಾಕಿದರು. ಕೆಟ್ಟ ಎಣ್ಣೆ ಪೂರ್ತಿ ಇಳಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿದರು. ಹೊಸ ಪ್ಯಾಕಿಂಗ್ ಇಟ್ಟು, ಎಲ್ಲ ಸರಳುಗಳೂ ಲಿವರೂ ನ್ಯೂಟ್ರಲ್‌ನಲ್ಲಿವೆ ಎಂದು ನೋಡಿಕೊಂಡು ಮುಚ್ಚಳ ಇಳಿಸಿದರು. ಬೋಲ್ಟ್ ಪೂರ್ತಿ ಬಿಗಿಯುವ ಮೊದಲು, ಎಂಜಿನ್ ಬಂದ್ ಇರುವಾಗಲೇ, ಒಂದೊಂದೇ ಗೇರ್ ಹಾಕಿ ತೆಗೆದು ಪರೀಕ್ಷೆ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ತಮ್ಮ ಗೋವಿನಜೋಳ ಬಿತ್ತಲು ಹೋದ. ಹದದ ಕೊನೆಯ ದಿನ ಅದು. ಆರು ಎಕರೆಯಲ್ಲಿ ನಾಲ್ಕೂವರೆ ಆಯಿತು. ಉಳಿದದ್ದು ಮುಂದಿನ ಮಳೆಗೆ.

ಒಂದು ಎಚ್ಚರಿಕೆ

ಗೇರ್ ಸಿಕ್ಕಿಕೊಂಡ ಟ್ರಾಕ್ಟರು ಬರೀ ಕೆಲಸ ಕೆಡಿಸುವುದಿಲ್ಲ, ಜೀವ ತೆಗೆಯುತ್ತದೆ. ಲಿವರ್ ನ್ಯೂಟ್ರಲ್ ತೋರಿಸುತ್ತಿರುತ್ತದೆ, ಒಳಗೆ ಗೇರ್ ಬಿದ್ದಿರುತ್ತದೆ. ಹಳೆಯ ಗಾಡಿಗಳ ಕೀ, ಸ್ವಿಚ್ಚು ಕೆಟ್ಟಿರುವ ಕಡೆ, ಕೆಳಗೆ ದೊಡ್ಡ ಗಾಲಿಯ ಮುಂದೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ 'ಡೈರೆಕ್ಟ್' ಮಾಡುವ ಅಭ್ಯಾಸವನ್ನು ನೀವೂ ನೋಡಿರುತ್ತೀರಿ. ಗೇರಿನಲ್ಲಿರುವ ಗಾಡಿ ಆ ಕ್ಷಣವೇ ಮುಂದೆ ಬರುತ್ತದೆ. ನಿಂತವನಿಗೆ ಸರಿಯಲು ಹೊತ್ತಿರುವುದಿಲ್ಲ.

ಇದನ್ನು ತಡೆಯುವ ಬುದ್ಧಿ ಹೊಸದೇನಲ್ಲ. 35ಕ್ಕಿಂತ ಮೊದಲಿನ ಫರ್ಗ್ಯುಸನ್ ಟಿಇ 20ರಲ್ಲಿ ಗೇರ್ ಲಿವರೇ ಸ್ಟಾರ್ಟರ್ ಸ್ವಿಚ್ಚು. ಲಿವರನ್ನು ಅದಕ್ಕೆಂದೇ ಇದ್ದ ಜಾಗಕ್ಕೆ ತಂದರಷ್ಟೇ ಎಂಜಿನ್ ಚಾಲೂ. ಗೇರಿನಲ್ಲಿಟ್ಟು ಚಾಲೂ ಮಾಡಲು ದಾರಿಯೇ ಇಲ್ಲ. ನಮ್ಮ ಮಿಸ್ತ್ರಿ ಮುಚ್ಚಳ ಹಾಕಿದ ಮೇಲೆ ಮಾಡಿದ ಮುಂದಿನ ಕೆಲಸ ವರ್ಷಗಳಿಂದ ಕಿತ್ತುಹೋಗಿದ್ದ ಸೇಫ್ಟಿ ಸ್ವಿಚ್ಚಿನ ವೈರ್ ಜೋಡಿಸಿದ್ದು. ಯಾರೂ ಕೇಳಿರಲಿಲ್ಲ. ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ.

ನಾವು ಮಾಡಬಹುದಾದದ್ದು

ಹಳೆಯ ಗಾಡಿಯನ್ನು ಎಂದೂ ಮಾರಬಾರದು ಎಂದು ನಾನು ಹೇಳುತ್ತಿಲ್ಲ. ಗೇರ್ ಚಕ್ರದ ಹಲ್ಲುಗಳೇ ಮುರಿದಿದ್ದರೆ, ಬಿಡಿಭಾಗ ಎಲ್ಲೂ ಸಿಗದಿದ್ದರೆ ಲೆಕ್ಕ ಬೇರೆ. ಆದರೆ ಆ ಲೆಕ್ಕ ಮುಚ್ಚಳ ತೆಗೆದು ನೋಡಿದ ಮೇಲೆ ಆಗಲಿ, ಮತ್ತು ಅದನ್ನು ಓಡಿಸುವವನು ಹೇಳಲಿ. ನಮ್ಮ ಮನೆಯಲ್ಲಿ ಈ ರಿಪೇರಿಯ ನಂತರ ಗುಂಪಿನಲ್ಲಿ ಎರಡು ವಿಷಯ ತೀರ್ಮಾನವಾದವು. ಟ್ರಾಕ್ಟರ್ ಬಗ್ಗೆ ಕೊನೆಯ ಮಾತು ತಮ್ಮನದು. ಮತ್ತು ಹೊಸ ಗಾಡಿಯ ಮುಂಗಡಕ್ಕೆಂದು ಮಾತಾಡಿಕೊಂಡ ಹಣದಲ್ಲಿ ಒಂದು ಭಾಗ ಅದಕ್ಕೊಂದು ತಗಡಿನ ಸೂರು ಹಾಕಲು. ತಮ್ಮ ಗುಂಪಿನಲ್ಲಿ ಬಹಳ ದಿನದ ಮೇಲೆ ಒಂದು ಫೋಟೋ ಹಾಕಿದ: ಸೂರಿನ ಕೆಳಗೆ ಗಾಡಿ, ಸೀಟಿನ ಮೇಲೆ ಅವನ ಮಗಳು.

ಈ ದಸರೆಗೋ ದೀಪಾವಳಿಗೋ ನೀವು ಊರಿಗೆ ಹೋದಾಗ ಆಯುಧಪೂಜೆಗೆ ತೊಳೆದು ಕುಂಕುಮ ಹಚ್ಚುವ ಹೊತ್ತಿನಲ್ಲಿ ಐದು ನಿಮಿಷ ಹೆಚ್ಚು ಕೊಡಿ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದೆಯೇ ನೋಡಿ. ಅಳತೆಕಡ್ಡಿ ಎಳೆದು ಎಣ್ಣೆಯ ಬಣ್ಣ ನೋಡಿ. ಲಿವರ್ ನ್ಯೂಟ್ರಲ್‌ನಲ್ಲಿ ಎಷ್ಟು ಓಲಾಡುತ್ತದೆ ಎಂದು ಓಡಿಸುವವರನ್ನೇ ಕೇಳಿ. ಗೇರಿನಲ್ಲಿರುವಾಗ ಎಂಜಿನ್ ಚಾಲೂ ಆಗದಂತೆ ತಡೆಯುವ ಸ್ವಿಚ್ಚು ಕೆಲಸ ಮಾಡುತ್ತದೆಯೇ ಎಂದು ಮಿಸ್ತ್ರಿಯಿಂದ ನೋಡಿಸಿ. ಸಾಧ್ಯವಾದರೆ ಆ ಮಿಸ್ತ್ರಿಯ ಜೊತೆ ಊರಿನ ಒಬ್ಬ ಹುಡುಗ ಕೆಲಸ ಕಲಿಯಲು ನಿಂತಿದ್ದಾನೆಯೇ ಎಂದೂ ವಿಚಾರಿಸಿ. ನಮ್ಮ ಮಿಸ್ತ್ರಿಯ ಹತ್ತಿರ ಸದ್ಯಕ್ಕೆ ಯಾರೂ ಇಲ್ಲ. ತಮ್ಮ ಮಾತ್ರ ಬಿಡುವಾದಾಗ ಹೋಗಿ ಪಾನಾ ಎತ್ತಿಕೊಡುತ್ತಾನೆ, ನೋಡಿ ಕಲಿಯುತ್ತಾನೆ.